ಪೀಠಿಕೆಗೆ ಹಲಸಿನ ಕಟ್ಟು: ರಥಬೀದಿಯ ಒಂದು ಫ್ರೇಮ್ ಅಂಗಡಿ

ಮೊದಲೇ ಹೇಳಿಬಿಡುತ್ತೇನೆ. ಸಂವಿಧಾನದ ಪೀಠಿಕೆಯನ್ನು ಕನ್ನಡದಲ್ಲಿ, ಒಂದು ಒತ್ತಕ್ಷರವೂ ತಪ್ಪದ ಹಾಗೆ, ಮಳೆಗಾಲಕ್ಕೆ ಬೂಷ್ಟು ಹಿಡಿಯದ ಹಾಗೆ ಕಟ್ಟು ಹಾಕಿಸಬೇಕು ಅಂತಿದ್ದರೆ ಮಂಗಳೂರಿನ ರಥಬೀದಿಯ ಈ ಸಣ್ಣ ಅಂಗಡಿಗೆ ಹೋಗಿ. ನಾನು ಕಳೆದ ವರ್ಷ ನವೆಂಬರಿನಲ್ಲಿ ಮಾಡಿಸಿದೆ. ಆಗಲೇ ಬರೆಯಬಹುದಿತ್ತು. ಆದರೆ ನಮ್ಮ ಕಡೆ ಯಾವ ಫ್ರೇಮಿನ ಗುಣವೂ ಗೊತ್ತಾಗುವುದು ಒಂದು ಜುಲೈ ದಾಟಿದ ಮೇಲೆ ಅಲ್ವಾ? ಹಾಗಾಗಿ ಕಾದೆ. ಮಳೆ ಮುಗಿಯಿತು. ಫ್ರೇಮ್ ಹೇಗಿತ್ತೋ ಹಾಗೇ ಇದೆ. ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವವಳು. 22 ವರ್ಷವಾಯಿತು. 2023ರ ಸೆಪ್ಟೆಂಬರ್ 15ಕ್ಕೆ ರಾಜ್ಯದಲ್ಲೆಲ್ಲ ಒಟ್ಟಿಗೆ ಸಂವಿಧಾನದ ಪೀಠಿಕೆ ಓದಿಸಿದರಲ್ಲ, ಅವತ್ತಿನಿಂದ ನಮ್ಮ ಶಾಲೆಯಲ್ಲೂ ಮಕ್ಕಳಿಗೆ ಇದು ಬಾಯಿಪಾಠ. ಗೋಡೆಯ ಮೇಲೆ ಒಂದು ದೊಡ್ಡ ಪ್ರತಿ ಇರಲಿ ಅಂತ ಮೊದಲು ಆನ್‌ಲೈನಿನಲ್ಲಿ ತರಿಸಿದೆ. 499 ರೂಪಾಯಿ. ಯಾರಿಂದ ಅಂತ ಹೇಳುವುದಿಲ್ಲ. ಪೊಟ್ಟಣ ಬಿಚ್ಚಿದರೆ ಫ್ಲೆಕ್ಸ್ ಹಾಳೆ, ಪ್ಲಾಸ್ಟಿಕ್ ಕಟ್ಟು. ಅದಾದರೂ ಹೋಗಲಿ. ಅಕ್ಷರ ನೋಡಿ ಹೊಟ್ಟೆ ಉರಿಯಿತು. ‘ಭ್ರಾತೃತ್ವ’ ಹೋಗಿ ‘ಬ್ರಾತ್ರತ್ವ’ ಆಗಿತ್ತು. ‘ಸಾರ್ವಭೌಮ’ದಲ್ಲಿ ಅರ್ಕಾವತ್ತಿನ ಬದಲು ಕನ್ನಡದ ಒಂಬತ್ತು ಹಾಕಿದ್ದರು. ಎಂಟನೇ ಕ್ಲಾಸಿನ ಹುಡುಗನೊಬ್ಬ ಬೆರಳಿಟ್ಟು ಓದಿದ: ‘ಸಾವ ಒಂಬತ್ತು ಭೌಮ.’ ಅವನ ತಪ್ಪೇನೂ ಇಲ್ಲ. ಅಲ್ಲಿ ಇದ್ದದ್ದನ್ನೇ ಓದಿದ. ದೇಶದ ಜನ ತಮ್ಮ ಹೆಸರಿನಲ್ಲಿ ಹೇಳಿಕೊಂಡ ಮಾತು, ನಮ್ಮ ಮಕ್ಕಳ ಭಾಷೆಯಲ್ಲಿ ಹೀಗೆ ಬರಬೇಕಾ ಅಂತ ನನಗೆ ಎರಡು ದಿನ ಬೇಸರ ಹೋಗಲಿಲ್ಲ. ಆರು ಜನ ಟೀಚರುಗಳು ಸೇರಿ ಹಣ ಹಾಕಿಕೊಂಡೆವು. ಸರಿಯಾದದ್ದನ್ನೇ ಮಾಡಿಸುವುದು ಅಂತ ತೀರ್ಮಾನವಾಯಿತು.

ಅಂಗಡಿ ವೆಂಕಟರಮಣ ದೇವಸ್ಥಾನದ ಹತ್ತಿರ, ಒಳಗೆ ಹೋಗುವ ಓಣಿಯ ಬಾಯಲ್ಲೇ ಇದೆ. ಬೋರ್ಡಿನಲ್ಲಿ ‘ಫ್ರೇಮ್ ವರ್ಕ್ಸ್’ ಅಂತ ಮಾತ್ರ ಉಳಿದಿದೆ. ಅದರ ಹಿಂದಿನ ಹೆಸರು ಬಿಸಿಲಿಗೆ ಹೋಗಿದೆ. ಯಾರನ್ನು ಕೇಳಿದರೂ ತೋರಿಸುತ್ತಾರೆ. ಅಗಲ ಎಂಟು ಅಡಿ ಇರಬಹುದು. ಒಂದು ಗೋಡೆಗೆ ಲಕ್ಷ್ಮಿ, ಕೃಷ್ಣ, ಮದುವೆ ಫೋಟೊ, ಹೂವಿನ ಹಾರ ಹಾಕಿದ ಅಜ್ಜ ಅಜ್ಜಿಯರು. ಇನ್ನೊಂದು ಗೋಡೆಗೆ ಒರಗಿಸಿಟ್ಟ ರೀಪುಗಳು. ಮರದ ಹುಡಿಯ ವಾಸನೆ, ಅಂಟಿನ ವಾಸನೆ. ನಡುವೆ ಒಂದು ಮೇಜು. ಅದರ ಮೇಲೆ ಮೂಲೆ ಕೊಯ್ಯುವ ಗರಗಸ. ಯಜಮಾನರಿಗೆ ಎಪ್ಪತ್ತು ದಾಟಿದೆ. ಎಲ್ಲರೂ ಮಾಮ್, ಅಂದರೆ ಮಾವ, ಅಂತ ಕರೆಯುತ್ತಾರೆ, ನಾನೂ ಹಾಗೇ ಕರೆದೆ. ಕೆಲಸಕ್ಕೆ ಒಬ್ಬ ಹುಡುಗ ಇದ್ದಾನೆ.

ವಿಷಯ ಹೇಳಿದೆ. ಎರಡು ಅಡಿ ಅಗಲ, ಮೂರು ಅಡಿ ಎತ್ತರ, ಕನ್ನಡ, ದಪ್ಪ ಅಕ್ಷರ, ಕೊನೆಯ ಬೆಂಚಿನ ಮಗುವಿಗೂ ಕಾಣಬೇಕು. ಮಾಮ್ ಕನ್ನಡಕ ಏರಿಸಿಕೊಂಡು ಕೇಳಿದ ಮೊದಲ ಪ್ರಶ್ನೆ ಮರದ ಬಗ್ಗೆಯೂ ಅಲ್ಲ, ದುಡ್ಡಿನ ಬಗ್ಗೆಯೂ ಅಲ್ಲ.

‘ಟೀಚರೇ, ಮೇಲೆ ಹೆಡ್ಡಿಂಗ್ ಎಂತ ಹಾಕುವುದು? ಪ್ರಸ್ತಾವನೆಯಾ, ಪೀಠಿಕೆಯಾ?’

ನಾನು ಒಂದು ಕ್ಷಣ ಸುಮ್ಮನಾದೆ. ಎರಡೂ ಬಳಕೆಯಲ್ಲಿದೆ. ಪುಸ್ತಕದಲ್ಲಿ ಒಂದು ಕಡೆ ಪ್ರಸ್ತಾವನೆ ಅಂತಿದ್ದರೆ ಇನ್ನೊಂದು ಕಡೆ ಪೀಠಿಕೆ, ಮತ್ತೊಂದು ಕಡೆ ಪೂರ್ವಪೀಠಿಕೆ. ಪರೀಕ್ಷೆಯಲ್ಲಿ ಯಾವುದನ್ನು ಬರೆದರೂ ಅಂಕ ಕೊಡುತ್ತೇವೆ. ಎರಡೂ ಒಂದೇ ಅಂತಲೇ ಇಷ್ಟು ವರ್ಷ ಕಲಿಸಿದ್ದೇನೆ.

‘ಎರಡೂ ಒಂದೇ ಅಲ್ವಾ ಮಾಮ್?’ ಅಂದೆ.

‘ಒಂದೇ ಹೇಗೆ ಆಗ್ತದೆ ಮಾರಾಯ್ರೆ! ಕೂತ್ಕೊಳ್ಳಿ’ ಅಂದರು. ಹುಡುಗನನ್ನು ಚಹಾಕ್ಕೆ ಕಳಿಸಿದರು. ನಾನು ಈ ವಿಮರ್ಶೆ ಬರೆಯುವುದಕ್ಕೆ ಅರ್ಧ ಕಾರಣ ಆ ಮುಕ್ಕಾಲು ಗಂಟೆ.

ಆ ಪ್ರಶ್ನೆ ನನ್ನ ತಲೆಯಲ್ಲಿ ಬೇರೆ ಕಾರಣಕ್ಕೂ ಇತ್ತು. ಹಿಂದಿನ ವಾರವಷ್ಟೇ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದ್ದಳು: ‘ಟೀಚರ್, ನಾನು ಏನಾದ್ರೂ ಹೇಳಲಿಕ್ಕೆ ಶುರು ಮಾಡಿದ್ರೆ ಪೀಠಿಕೆ ಹಾಕ್ಬೇಡ, ವಿಷಯಕ್ಕೆ ಬಾ ಅಂತ ಅಮ್ಮ ಬೈತಾರೆ. ಮತ್ತೆ ಸಂವಿಧಾನದಲ್ಲಿ ಪೀಠಿಕೆ ಯಾಕೆ?’ ತುಂಬ ಒಳ್ಳೆಯ ಪ್ರಶ್ನೆ. ದಿನದ ಮಾತಿನಲ್ಲಿ ಪೀಠಿಕೆ ಅಂದರೆ ಸುತ್ತಿ ಬಳಸಿ ಮಾತಾಡುವುದು. ಸಾಲ ಕೇಳುವವರು ಪೀಠಿಕೆ ಹಾಕುತ್ತಾರೆ. ರಜೆ ಕೇಳುವವರು ಪೀಠಿಕೆ ಹಾಕುತ್ತಾರೆ. ಬಿಟ್ಟುಬಿಟ್ಟರೂ ನಷ್ಟವಿಲ್ಲದ ಮಾತು ಅದು. ನಾನು ಅವಳಿಗೆ ಆ ಹೊತ್ತಿಗೆ ‘ಪೀಠಿಕೆ ಅಂದರೆ ಮುನ್ನುಡಿಯ ಹಾಗೆ’ ಅಂತ ಏನೋ ಹೇಳಿ ಕೂರಿಸಿದ್ದೆ. ಉತ್ತರ ನನಗೇ ಸಮಾಧಾನ ಕೊಟ್ಟಿರಲಿಲ್ಲ.

ಮಾಮ್ ಮೇಜಿನ ಕೆಳಗಿಂದ ಒಂದು ಸಣ್ಣ ಮರದ ತುಂಡು ತೆಗೆದರು. ದೇವರ ಕೋಣೆಯಲ್ಲಿ ವಿಗ್ರಹ ಇಡುವ ಪೀಠ. ಅಂಗೈಯಷ್ಟು ಅಗಲ, ಎರಡು ಮೆಟ್ಟಿಲಿನ ಆಕಾರ, ಮೇಲೆ ವಿಗ್ರಹದ ಬುಡ ಕೂರುವಷ್ಟು ಗುಂಡಿ. ಯಾರದೋ ಆರ್ಡರು. ಪಕ್ಕದಲ್ಲಿದ್ದ ಹಿತ್ತಾಳೆ ಗಣಪತಿಯನ್ನು ಅದರ ಮೇಲೆ ಕೂರಿಸಿದರು. ‘ಇದು ಪೀಠ. ಸಣ್ಣದು, ಹಾಗಾಗಿ ಪೀಠಿಕೆ. ಸಂಸ್ಕೃತದಲ್ಲಿ ಅಷ್ಟೇ ಅರ್ಥ. ಗಣಪತಿಯನ್ನು ಎತ್ತಿದರೆ ಪೀಠ ಉಳೀತದೆ. ಪೀಠ ಎಳೆದರೆ ಗಣಪತಿ ಬೀಳ್ತಾನೆ’ ಅಂದರು. ನಿಜವಾಗಿ ಎಳೆಯಲಿಲ್ಲ. ಬೆರಳು ಮಾತ್ರ ಇಟ್ಟು ತೋರಿಸಿದರು.

ಮಾತಿನ ಮೊದಲ ಭಾಗಕ್ಕೆ ಪೀಠಿಕೆ ಅನ್ನುವ ಹೆಸರು ಬಂದದ್ದು ಹೀಗೆ. ಕೂರುವ ಮಣೆ, ಕಂಬದ ಬುಡ, ವಿಗ್ರಹದ ಅಡಿ, ಅಲ್ಲಿಂದ ಗ್ರಂಥದ ಮೊದಲ ಮಾತು. ಇಂಗ್ಲಿಷಿನ ‘ಪ್ರಿಯಾಂಬಲ್’ ಬೇರೆ ದಾರಿಯಿಂದ ಬಂದಿದೆ. ಅದರ ಬೇರು ಲ್ಯಾಟಿನ್. ‘ಪ್ರೈ’ ಅಂದರೆ ಮುಂದೆ, ‘ಅಂಬುಲಾರೆ’ ಅಂದರೆ ನಡೆಯುವುದು. ಮುಂದೆ ಮುಂದೆ ನಡೆಯುವಂಥದ್ದು ಪ್ರಿಯಾಂಬಲ್. ಇದನ್ನು ನಾನು ಹೇಳುವಾಗಲೇ ಹೊರಗೆ ಬೀದಿಯಲ್ಲಿ ಆಂಬುಲೆನ್ಸ್ ಹೋಯಿತು. ನಮ್ಮದು ಆಸ್ಪತ್ರೆಗಳ ಊರು, ದಿನಕ್ಕೆ ಹತ್ತು ಸಲ ಆ ಸದ್ದು ಕೇಳುತ್ತದೆ. ಆಂಬುಲೆನ್ಸೂ ಅದೇ ಬೇರಿನ ಪದ. ಫ್ರೆಂಚರ ಸೈನ್ಯದ ಜೊತೆ ಸಾಗುತ್ತಿದ್ದ ಆಸ್ಪತ್ರೆಗೆ ‘ನಡೆಯುವ ಆಸ್ಪತ್ರೆ’ ಅನ್ನುತ್ತಿದ್ದರು, ಅದರಿಂದ ಈ ಹೆಸರು. ಕೆಲಸದ ಹುಡುಗನಿಗೆ ಇದು ಬಹಳ ಹಿಡಿಸಿತು. ‘ಹಾಗಾದ್ರೆ ಇಂಗ್ಲಿಷಿನವರಿಗೆ ಅದು ಎದುರಿಗೆ ಹೋಗುವುದು, ನಮಗೆ ಅಡಿಗೆ ಇರುವುದು’ ಅಂದ. ಒಂದು ವಾಕ್ಯದಲ್ಲಿ ಮುಗಿಸಿದ. ನಾನು ಆಮೇಲೆ ಕ್ಲಾಸಿನಲ್ಲಿ ಅವನ ಮಾತನ್ನೇ ಹೇಳಿದೆ.

ಪ್ರಸ್ತಾವನೆ ಯಾಕೆ ಬೇಡ ಅಂತ ಕೇಳಿದೆ. ಅದಕ್ಕೆ ಮಾಮ್ ಕೊಟ್ಟ ಉತ್ತರ ಪಠ್ಯಪುಸ್ತಕದಲ್ಲಿ ಇಲ್ಲ.

ಅವರು ತಾಳಮದ್ದಳೆಯ ಹುಚ್ಚಿನವರು. ನಲವತ್ತು ವರ್ಷದಿಂದ ಕೇಳುತ್ತಾ ಬಂದವರು. ನಮ್ಮ ಕರಾವಳಿಯವರಿಗೆ ಹೇಳಬೇಕಿಲ್ಲ. ಹೊರಗಿನವರಿಗಾಗಿ ಎರಡು ಮಾತು: ತಾಳಮದ್ದಳೆ ಅಂದರೆ ವೇಷ ಇಲ್ಲದ, ಕುಣಿತ ಇಲ್ಲದ ಯಕ್ಷಗಾನ. ಭಾಗವತರು ಪದ ಹೇಳುತ್ತಾರೆ. ಅರ್ಥಧಾರಿಗಳು ಕೂತಲ್ಲೇ ಮಾತಾಡುತ್ತಾರೆ. ಮಾತು ಬರೆದಿಟ್ಟದ್ದಲ್ಲ, ಆ ಕ್ಷಣಕ್ಕೆ ಹುಟ್ಟುವುದು. ಒಬ್ಬ ಕೌರವನೋ ವಾಲಿಯೋ ಮೊದಲ ಸಲ ಬಾಯಿ ತೆರೆದಾಗ ಹೇಳುವ ಮಾತಿಗೆ ಪೀಠಿಕೆ ಅಂತಲೇ ಹೆಸರು. ನಾನು ಯಾರು, ಎಲ್ಲಿಂದ ಬಂದೆ, ನನ್ನ ನ್ಯಾಯ ಯಾವುದು, ಈ ಹೊತ್ತಿಗೆ ನಾನು ಯಾಕೆ ಹೀಗೆ ನಿಂತಿದ್ದೇನೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಪೀಠಿಕೆ ಕೇಳಲಿಕ್ಕೆಂದೇ ಜನ ಸೇರುತ್ತಿದ್ದ ಕಾಲವನ್ನು ನಮ್ಮ ಅಪ್ಪನೂ ಹೇಳುತ್ತಿದ್ದರು.

‘ನಾಟಕದ ಪ್ರಸ್ತಾವನೆ ಯಾರು ಮಾಡುವುದು? ಸೂತ್ರಧಾರ. ಅವ ಬಂದು ಇವತ್ತು ಇಂಥ ಆಟ ಅಂತ ಹೇಳಿ ಹೋದ. ಆಟದೊಳಗೆ ಅವ ಇಲ್ಲ. ಪೀಠಿಕೆ ಹಾಗಲ್ಲ. ಪಾತ್ರವೇ ಹೇಳುವುದು. ನಾನು ಅಂತ ಹೇಳುವುದು’ ಅಂದರು ಮಾಮ್. ಆಮೇಲೆ ನನ್ನ ಕೈಯಲ್ಲಿದ್ದ ಹಾಳೆಯ ಮೊದಲ ಸಾಲಿಗೆ ಬೆರಳಿಟ್ಟರು. ‘ಇಲ್ಲಿ ಎಂತ ಉಂಟು ನೋಡಿ. ನಾವು ಅಂತ ಉಂಟು.’

ನಿಜವಾಗಿ ಮೈ ಜುಮ್ ಅಂದಿತು. 22 ವರ್ಷ ಕಲಿಸಿದ ಸಾಲು. ‘ಭಾರತದ ಜನತೆಯಾದ ನಾವು.’ ಇದನ್ನು ರಾಜ ಹೇಳುತ್ತಿಲ್ಲ, ಸೂತ್ರಧಾರ ಹೇಳುತ್ತಿಲ್ಲ. ಪಾತ್ರವೇ ಎದ್ದು ತನ್ನ ಪರಿಚಯ ಹೇಳುತ್ತಿದೆ.

ಇನ್ನೊಂದು ಮಾತೂ ಹೇಳಿದರು. ತಾಳಮದ್ದಳೆಯಲ್ಲಿ ಪೀಠಿಕೆ ಹೇಳಿದವನು ಅದಕ್ಕೆ ಬದ್ಧ. ರಾತ್ರಿ ಹತ್ತಕ್ಕೆ ‘ನಾನು ಕೊಟ್ಟ ಮಾತಿಗೆ ತಪ್ಪದವನು’ ಅಂತ ಪೀಠಿಕೆಯಲ್ಲಿ ಹೇಳಿದರೆ ಬೆಳಗಿನ ಜಾವ ಎದುರಿನ ಅರ್ಥಧಾರಿ ಅದನ್ನೇ ಎತ್ತಿ ಹಿಡಿಯುತ್ತಾನೆ: ನೀನೇ ಹೇಳಿದ್ದಲ್ಲವಾ, ಈಗ ಯಾಕೆ ಹೀಗೆ? ಆಗ ಜಾರಿಕೊಳ್ಳಲಿಕ್ಕೆ ಆಗುವುದಿಲ್ಲ. ಸಭೆ ಕೇಳಿಸಿಕೊಂಡಿದೆ.

ನಮ್ಮ ಸುಪ್ರೀಂ ಕೋರ್ಟಿನಲ್ಲಿ ಆದದ್ದೂ ಇದೇ. ಈ ಭಾಗವನ್ನು ಮಾಮ್‌ಗೆ ನಾನು ಹೇಳಿದೆ, ಅವರು ಚಹಾ ಆರುವವರೆಗೆ ಕೇಳಿದರು. 1960ರಲ್ಲಿ ಬೇರುಬಾರಿ ಅನ್ನುವ ಜಾಗವನ್ನು ಪಾಕಿಸ್ತಾನದ ಜೊತೆ ಹಂಚಿಕೊಳ್ಳುವ ಪ್ರಶ್ನೆ ಬಂದಾಗ, ಪೀಠಿಕೆ ಸಂವಿಧಾನದ ಭಾಗವಲ್ಲ ಅಂತ ಕೋರ್ಟು ಹೇಳಿತು. ಬರೆದವರ ಮನಸ್ಸನ್ನು ತೆರೆಯುವ ಕೀಲಿಕೈ ಅದು, ಆದರೆ ಮನೆಯ ಭಾಗವಲ್ಲ ಅನ್ನುವ ಹಾಗೆ. ಅಂದರೆ ಸೂತ್ರಧಾರನ ಪ್ರಸ್ತಾವನೆಯ ಲೆಕ್ಕ. 13 ವರ್ಷ ಹಾಗೇ ಇತ್ತು. 1973ರ ಏಪ್ರಿಲ್ 24ರಂದು ಕೇಶವಾನಂದ ಭಾರತಿ ಪ್ರಕರಣದ ತೀರ್ಪು ಬಂತು. 13 ನ್ಯಾಯಾಧೀಶರು, 68 ದಿನದ ವಾದ, 7 ಜನ ಒಂದು ಕಡೆ, 6 ಜನ ಇನ್ನೊಂದು ಕಡೆ. ಪೀಠಿಕೆಯೂ ಸಂವಿಧಾನದ ಭಾಗವೇ ಅಂತ ಆಗ ಸ್ಪಷ್ಟವಾಯಿತು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವ ಹಾಗಿಲ್ಲ ಅಂತಲೂ ಹೇಳಿದರು. ಆ ಮೂಲ ಸ್ವರೂಪ ಯಾವುದು ಅಂತ ಹುಡುಕುವಾಗ ಮುಖ್ಯ ನ್ಯಾಯಾಧೀಶ ಸಿಕ್ರಿಯವರು ನೋಡಿದ್ದು ಪೀಠಿಕೆಯನ್ನೂ. ನೀವೇ ಹೇಳಿದ್ದಲ್ಲವಾ ಅಂತ.

ಕೇಶವಾನಂದ ಭಾರತಿ ಸ್ವಾಮಿಗಳು ಯಾರು ಅಂತ ನಮ್ಮ ಕಡೆಯವರಿಗೆ ಹೇಳಬೇಕಾ? ಕಾಸರಗೋಡಿನ ಎಡನೀರು ಮಠದವರು. 1956ರ ನವೆಂಬರ್‌ವರೆಗೆ ಅದೂ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯೇ. ಕೇರಳದ ಭೂಸುಧಾರಣೆ ಕಾನೂನಿನ ವಿರುದ್ಧ ಅವರು ಸುಪ್ರೀಂ ಕೋರ್ಟಿಗೆ ಹೋದದ್ದು 1970ರಲ್ಲಿ. ಸ್ವಾಮಿಗಳು ಸ್ವತಃ ಹಾಡುವವರು, ಯಕ್ಷಗಾನಕ್ಕೆ ಆಸರೆಯಾಗಿ ನಿಂತವರು. 2020ರ ಸೆಪ್ಟೆಂಬರ್ 6ರಂದು ತೀರಿಕೊಂಡರು. ಮಾಮ್ ಅವರನ್ನು ನೆನೆದು ಒಂದು ಸಲ ಕೈ ಮುಗಿದರು.

ಆಗ ನನಗೆ ಹೊಳೆದದ್ದು ಇದು. ಎಡನೀರಿನ ಪೀಠದಲ್ಲಿ ಕೂತವರು 13 ಜನರ ನ್ಯಾಯಪೀಠದ ಎದುರು ಹೋದರು. ಅಲ್ಲಿ ತೀರ್ಮಾನವಾದ ಪ್ರಶ್ನೆಗಳಲ್ಲಿ ಒಂದು ಪೀಠಿಕೆಯದ್ದು. ಮಠಕ್ಕೂ ಕೋರ್ಟಿಗೂ ಸಂವಿಧಾನದ ಮೊದಲ ಪುಟಕ್ಕೂ ಕನ್ನಡದಲ್ಲಿ ಒಂದೇ ಬೇರಿನ ಪದ. ಇಂಗ್ಲಿಷಿನಲ್ಲಿ ಹೇಳಿದರೆ ಈ ನಂಟು ಕಾಣುವುದೇ ಇಲ್ಲ.

ಆ ಪೀಠದಲ್ಲೂ ನಮ್ಮವರೊಬ್ಬರಿದ್ದರು. ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ, ಕಾರ್ಕಳ ತಾಲೂಕಿನ ಕೌಡೂರಿನವರು. 7 ಜನರ ಬಹುಮತದಲ್ಲಿದ್ದರು. ತೀರ್ಪಿನ ಬೆನ್ನಿಗೇ ಅವರನ್ನೂ ಸೇರಿಸಿ ಮೂವರು ಹಿರಿಯರನ್ನು ದಾಟಿ ಇನ್ನೊಬ್ಬರನ್ನು ಮುಖ್ಯ ನ್ಯಾಯಾಧೀಶರನ್ನಾಗಿ ಮಾಡಲಾಯಿತು. ಮೂವರೂ ರಾಜೀನಾಮೆ ಕೊಟ್ಟರು. ಹೆಗ್ಡೆಯವರು ಆಮೇಲೆ ಲೋಕಸಭೆಯ ಸ್ಪೀಕರ್ ಆದರು. ಇನ್ನು ಬೆನಗಲ್ ನರಸಿಂಗ ರಾಯರು, ಸಂವಿಧಾನ ಸಭೆಯ ಸಲಹೆಗಾರರು. ಅವರು ಓದಿದ್ದು ಈ ಅಂಗಡಿಯಿಂದ ನಡೆದುಹೋಗುವಷ್ಟು ಹತ್ತಿರದ ಕೆನರಾ ಹೈಸ್ಕೂಲಿನಲ್ಲಿ. ಅವರು ಮೊದಲು ಬರೆದ ಪೀಠಿಕೆಯ ಕರಡು ಒಂದೇ ವಾಕ್ಯದ್ದು. ಆದರೆ ಅದೂ ‘ನಾವು’ ಅಂತಲೇ ಶುರುವಾಗುತ್ತಿತ್ತು. ಇದನ್ನು ಕೇಳಿ ಮಾಮ್ ದುಡ್ಡಿನ ಮಾತಿಗೆ ಬಂದರು. ‘ಹಾಗಾದ್ರೆ ಇದಕ್ಕೆ ಪ್ಲಾಸ್ಟಿಕ್ ಹಾಕುವುದು ಬೇಡ’ ಅಂದರು.

ಈಗ ಕೆಲಸದ ವಿಚಾರ. ಫೈಬರ್ ಕಟ್ಟಾದರೆ 1,100 ರೂಪಾಯಿ ಅಂದರು. ಹಲಸಿನ ಮರವಾದರೆ ಪ್ರಿಂಟೂ ಸೇರಿ 2,650. ಹಳೆಯ ಮನೆ ಕೆಡವಿದಲ್ಲಿಂದ ತಂದ ಹಲಸಿನ ರೀಪುಗಳು ಅವರಲ್ಲಿ ಇವೆ. ಚೆನ್ನಾಗಿ ಒಣಗಿದ ಮರ, ಇನ್ನು ಬಳುಕುವುದಿಲ್ಲ. ಹೊಸದಾಗಿ ಕೊಯ್ದ ಕಡೆ ಅರಿಸಿನ ಬಣ್ಣ, ಹಳೆಯ ಮೈ ಕಂದು. ನಾವು ಹಲಸನ್ನೇ ಹೇಳಿದೆವು. ಮೂಲೆಗಳನ್ನು ನೋಡಬೇಕು ನೀವು. 45 ಡಿಗ್ರಿಗೆ ಕೊಯ್ದು, ಅಂಟು ಹಾಕಿ, ಮೊಳೆ ಹೊಡೆದು, ಒಂದು ಇಡೀ ದಿನ ಬಿಗಿದಿಟ್ಟರು. ಈಗಲೂ ಉಗುರು ಹೋಗುವಷ್ಟು ಸಂದು ಇಲ್ಲ. ಪ್ರಿಂಟ್ ಫ್ಲೆಕ್ಸ್ ಅಲ್ಲ, ದಪ್ಪ ಕಾಗದ. ಸುತ್ತ ಎರಡು ಇಂಚು ಕೆನೆ ಬಣ್ಣದ ಮೌಂಟ್, ಕಾಗದ ಗಾಜಿಗೆ ತಾಗದ ಹಾಗೆ. ಹಿಂದೆ ಪ್ಲೈವುಡ್. ಅಂಚಿಗೆಲ್ಲ ಟೇಪು, ಹುಳ ಒಳಗೆ ಹೋಗದ ಹಾಗೆ. ನಾಲ್ಕು ಮೂಲೆಗೆ ಕಾರ್ಕಿನ ತುಂಡು ಅಂಟಿಸಿದ್ದಾರೆ. ಮಳೆಗಾಲದಲ್ಲಿ ಗೋಡೆ ಬೆವರಿದರೆ ಫ್ರೇಮಿಗೆ ತಾಗಬಾರದು, ಹಿಂದೆ ಗಾಳಿ ಆಡಬೇಕು ಅಂತ. ಜುಲೈಯಲ್ಲಿ ನಮ್ಮ ಕ್ಲಾಸಿನ ಗೋಡೆ ಸುರಿಯುತ್ತಿತ್ತು. ಪಕ್ಕದ ಭೂಪಟ ಬೂಷ್ಟು ಹಿಡಿದು ಹೋಯಿತು. ಇದಕ್ಕೆ ಏನೂ ಆಗಲಿಲ್ಲ. ಇದೆಲ್ಲ ಆ ಕಾರ್ಕಿನ ಪುಣ್ಯ.

ಅಕ್ಷರ ತಿದ್ದಿದ್ದು ಇನ್ನೂ ದೊಡ್ಡ ಕೆಲಸ. ಡಿಟಿಪಿ ಹೊರಗೆ ಮಾಡಿಸುತ್ತಾರೆ. ಮೊದಲ ಪ್ರತಿ ಬಂದಾಗ ನನ್ನನ್ನು ಕರೆಸಿದರು. ಮರದ ಸ್ಕೇಲನ್ನು ಒಂದೊಂದು ಸಾಲಿನ ಕೆಳಗೆ ಇಟ್ಟು ಮಾಮ್ ಗಟ್ಟಿಯಾಗಿ ಓದಿದರು, ನಾನು ಪುಸ್ತಕ ಹಿಡಿದು ಕೇಳಿದೆ. ಮೂರು ತಪ್ಪು ಸಿಕ್ಕಿದವು. ಎರಡು ಒತ್ತಕ್ಷರ, ಒಂದು ಅಲ್ಪವಿರಾಮ. ‘ಭ್ರಾತೃತ್ವ’ದ ಹತ್ತಿರ ಸ್ಕೇಲು ನಿಂತಿತು. ಆ ಪದ 1946ರ ಡಿಸೆಂಬರಿನಲ್ಲಿ ನೆಹರೂ ಮಂಡಿಸಿದ ಧ್ಯೇಯಗಳ ನಿರ್ಣಯದಲ್ಲಿ ಇರಲಿಲ್ಲ. ಅಂಬೇಡ್ಕರರ ಕರಡು ಸಮಿತಿ ಸೇರಿಸಿತು. ‘ಭ್ರಾತೃ’, ಲ್ಯಾಟಿನ್ನಿನ ‘ಫ್ರಾತೆರ್’, ಇಂಗ್ಲಿಷಿನ ‘ಬ್ರದರ್’, ಮೂರೂ ಒಂದೇ ತಾಯಿಯ ಮಕ್ಕಳು. ಇಂಥ ಪದದಲ್ಲಿ ಅಕ್ಷರ ತಪ್ಪಿದರೆ ನನಗೆ ಸಹಿಸಲಿಕ್ಕೆ ಆಗುವುದಿಲ್ಲ. ಋಕಾರದ ಸುರುಳಿ ಸಣ್ಣದಾಗಿದೆ ಅಂತ ಮಾಮ್ ಅದೊಂದಕ್ಕೇ ಹಾಳೆ ವಾಪಸು ಕಳಿಸಿದರು.

‘ಹಳೆಯದಾ, ತಿದ್ದುಪಡಿ ಆದ ಮೇಲಿನದಾ’ ಅಂತಲೂ ಕೇಳಿದ್ದರು. 1976ರ 42ನೇ ತಿದ್ದುಪಡಿಯಲ್ಲಿ ‘ಸಮಾಜವಾದಿ’, ‘ಜಾತ್ಯತೀತ’ ಸೇರಿದವು, ದೇಶದ ಏಕತೆಯ ಜೊತೆಗೆ ಅಖಂಡತೆಯೂ ಬಂತು. ಆ ಎರಡು ಪದಗಳನ್ನು ತೆಗೆಯಬೇಕು ಅನ್ನುವ ಅರ್ಜಿಗಳನ್ನು 2024ರ ನವೆಂಬರ್ 25ರಂದು ಸುಪ್ರೀಂ ಕೋರ್ಟು ವಜಾ ಮಾಡಿದೆ. ಈಗ ಇರುವ ಪೀಠಿಕೆಯೇ ನನ್ನ ಮಕ್ಕಳು ಓದಬೇಕಾದ ಪೀಠಿಕೆ. ಅದನ್ನೇ ಹಾಕಿಸಿದೆ.

ಕೊನೆಯ ಸಾಲಿಗೆ ಬಂದಾಗ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು. ನಮ್ಮ ಪ್ರತಿಯಲ್ಲಿ ‘ಅರ್ಪಿಸಿಕೊಂಡಿದ್ದೇವೆ’ ಅಂತಿದೆ. ಈ ‘ಕೊಂಡು’ ಇದೆಯಲ್ಲ, ಇದು ಕನ್ನಡದ ಭಾಗ್ಯ. ಮಾಡುವುದು ಬೇರೆ, ಮಾಡಿಕೊಳ್ಳುವುದು ಬೇರೆ. ಅರ್ಪಿಸಿದ್ದೇವೆ ಅಂದರೆ ಯಾರಿಗೋ ಕೊಟ್ಟದ್ದು. ಅರ್ಪಿಸಿಕೊಂಡಿದ್ದೇವೆ ಅಂದರೆ ಕೊಟ್ಟವರೂ ನಾವು, ತೆಗೆದುಕೊಂಡವರೂ ನಾವು. 1949ರ ಅಕ್ಟೋಬರ್ 17ರಂದು ಸಂವಿಧಾನ ಸಭೆಯಲ್ಲಿ ಎಚ್.ವಿ. ಕಾಮತ್ ಅನ್ನುವ ಸದಸ್ಯರು ‘ದೇವರ ಹೆಸರಿನಲ್ಲಿ’ ಅಂತ ಪೀಠಿಕೆ ಶುರುವಾಗಲಿ ಅಂದರು. ಮತಕ್ಕೆ ಹಾಕಿದರು. ಪರವಾಗಿ 41, ವಿರೋಧವಾಗಿ 68. ‘ನಾವು’ ಮೊದಲಿಗೇ ಉಳಿಯಿತು. ಇನ್ನೊಂದು ವಿಶೇಷ ಅಂದರೆ ಅವತ್ತಿಗೆ ಎಲ್ಲ ಅನುಚ್ಛೇದಗಳ ಚರ್ಚೆ ಮುಗಿದಿತ್ತು. ಮೊದಲ ಪುಟವನ್ನು ಕೊನೆಗೆ ಎತ್ತಿಕೊಂಡರು, ಒಳಗಿರುವುದಕ್ಕೆ ಸರಿಹೊಂದಬೇಕು ಅಂತ. ಪೀಠಿಕೆ ಸಂವಿಧಾನದ ಭಾಗವಾಗಿರಲಿ ಅಂತ ಅವತ್ತೇ ಮತವೂ ಆಗಿತ್ತು. 1960ರಲ್ಲಿ ಕೋರ್ಟಿನ ಕಣ್ಣಿಗೆ ಬೀಳದೆ ಹೋದದ್ದು ಇದು. ಮಾಮ್ ಇದನ್ನು ಕೇಳಿ ತಲೆ ಆಡಿಸಿದರು. ‘ಅಳತೆ ಎಲ್ಲ ಆದ ಮೇಲೇ ಅಲ್ವಾ ಪೀಠ ಮಾಡುವುದು’ ಅಂದರು. ವಿಗ್ರಹದ ಬುಡ ನೋಡದೆ ಪೀಠದ ಗುಂಡಿ ಕೊರೆಯಲಿಕ್ಕೆ ಆಗುವುದಿಲ್ಲವಂತೆ.

ತೊಂದರೆಗಳನ್ನೂ ಹೇಳಬೇಕು. ನವೆಂಬರ್ 20ಕ್ಕೆ ಕೊಡುತ್ತೇನೆ ಅಂದಿದ್ದರು, ಕೊಟ್ಟದ್ದು 25ಕ್ಕೆ. ಮರುದಿನ ಸಂವಿಧಾನ ದಿನ. ನನಗೆ ಆ ಐದು ದಿನ ಸಾಕುಬೇಕಾಯಿತು. ಫೋನ್ ಎತ್ತುವುದು ಕಡಿಮೆ, ಹೋಗಿಯೇ ಕೇಳಬೇಕು. ಎರಡನೆಯದು ಗಾಜು. ಸಾದಾ ಗಾಜು ಹಾಕಿದರು. ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ ಕಿಟಕಿಯ ಬೆಳಕು ಬಿದ್ದು ಎಡಗಡೆಯ ಬೆಂಚಿನವರಿಗೆ ಮೇಲಿನ ನಾಲ್ಕು ಸಾಲು ಕಾಣುವುದಿಲ್ಲ. ಹೊಳೆಯದ ಗಾಜು ಬೇಕಾ ಅಂತ ಅವರೇ ಕೇಳಬೇಕಿತ್ತು. ಶಾಲೆಗೆ ಅಂತ ಹೇಳಿದ್ದೆನಲ್ಲ. ಮಾಡಿಸುವವರು ಈ ಮಾತು ಮೊದಲೇ ಹೇಳಿ, 400 ರೂಪಾಯಿ ಜಾಸ್ತಿ ಆಗುತ್ತದಂತೆ. ಮನೆಗೆ ತಲುಪಿಸುವ ವ್ಯವಸ್ಥೆಯೂ ಇಲ್ಲ.

ನಾನು ಹಳೆ ಪೇಪರು, ಹಳೆ ಬೆಡ್‌ಶೀಟು ಸುತ್ತಿಸಿಕೊಂಡು ಬಸ್ಸಿನಲ್ಲಿ ತಂದೆ. ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಹತ್ತುವಾಗ ಕಂಡಕ್ಟರು ದೇವರ ಫೋಟೊ ಅಂದುಕೊಂಡು ‘ಜಾಗ್ರತೆ ಅಕ್ಕಾ’ ಅಂತ ಡ್ರೈವರಿನ ಹಿಂದೆ ತಾವೇ ಇಟ್ಟರು. ಸಂವಿಧಾನದ ಪೀಠಿಕೆ ಅಂದೆ. ಇಳಿಯುವವರೆಗೆ ಅವರು ಅದಕ್ಕೆ ಒಂದು ಕೈ ಹಿಡಿದೇ ನಿಂತಿದ್ದರು.

26ಕ್ಕೆ ಮೊಳೆ ಹೊಡೆದು ತೂಗಿಸಿದೆವು. ಅವತ್ತು ಆ ಒಂಬತ್ತನೇ ಕ್ಲಾಸಿನ ಹುಡುಗಿಯನ್ನೇ ಓದಲು ನಿಲ್ಲಿಸಿದೆ. ಅದಕ್ಕೂ ಮೊದಲು ತಾಳಮದ್ದಳೆಯ ವಿಷಯ ಹೇಳಿದೆ. ಅವಳ ಅಜ್ಜ ಊರಿನ ಕೂಟದಲ್ಲಿ ಅರ್ಥ ಹೇಳುತ್ತಾರಂತೆ, ನನಗೆ ಗೊತ್ತೇ ಇರಲಿಲ್ಲ. ಅವಳು ‘ನಾವು’ ಅಂದ ಮೇಲೆ ಒಂದು ಕ್ಷಣ ನಿಲ್ಲಿಸಿದಳು, ಅಜ್ಜನ ಹಾಗೆ. ಆಮೇಲೆ ಮುಂದೆ ಓದಿದಳು.

ಅಂಗಡಿ ಬೆಳಿಗ್ಗೆ ಒಂಬತ್ತೂವರೆಯಿಂದ ಒಂದು, ಮಧ್ಯಾಹ್ನ ಮೂರರಿಂದ ಏಳು. ಭಾನುವಾರ ರಜೆ. ತೇರಿನ ದಿನಗಳಲ್ಲಿ ಹೋಗಬೇಡಿ, ಬೀದಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಪಕ್ಕದ ಪ್ರಾಥಮಿಕ ಶಾಲೆಯವರು ನಮ್ಮದನ್ನು ನೋಡಿ ಇನ್ನೊಂದು ಬೇಕು ಅಂದಿದ್ದಾರೆ. ಹೊಳೆಯದ ಗಾಜು ಅಂತ ಹೇಳಿ ಮುಂಗಡ ಕೊಟ್ಟು ಬಂದಿದ್ದೇನೆ. ತಿದ್ದಿದ ಫೈಲು ಅವರಲ್ಲೇ ಇದೆ. ಮೇಲೆ ‘ಪೀಠಿಕೆ’ ಅಂತಲೇ ಇದೆ.